ಗೋಣಿಚೀಲದ ಮೇಲಿನ ಸಾಹೇಬರು

ಹೋದ ತಿಂಗಳು ರಜೆಯಲ್ಲಿ ಡಲ್ಲಾಸಿನಿಂದ ಕೊಲೊರಾಡೋಗೆ ಕಾರಿನಲ್ಲಿ ಹೊರಟೆವು. ಅಮರಿಲ್ಲೊ ಮುಟ್ಟೋದಕ್ಕೇ ಸುಮಾರು 360 ಮೈಲಿ. ವಿಚಿಟಾ ಫಾಲ್ಸ್ ದಾಟಿದ ಮೇಲೆ ಹುಲ್ಲು, ಬೇಲಿ, ಮತ್ತೆ ಹುಲ್ಲು. ಮಗಳು ಆಡಿಯೊ ಪುಸ್ತಕ ಹಾಕಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನಿಂದ ಕಿಸಿಕಿಸಿ ಶುರುವಾಯಿತು. ಊರಿಂದ ಬಂದಿದ್ದ ಅಮ್ಮ, "ಏನಂತೋ ಅದು? ನಂಗೂ ಹೇಳು" ಅಂದರು.

ಅದು 'ಹ್ಯಾಂಕ್ ದ ಕೌಡಾಗ್' ಅನ್ನೋ ಮಕ್ಕಳ ಪುಸ್ತಕಮಾಲೆ. ಟೆಕ್ಸಸ್‌ನಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಪರಿಚಯ ಬೇಕಿಲ್ಲ. ಹೊಸದಾಗಿ ಬಂದವರಿಗೆ ಹೇಳುತ್ತೇನೆ. ಹ್ಯಾಂಕ್ ಒಂದು ರ‍್ಯಾಂಚಿನ, ಅಂದರೆ ದನ ಸಾಕುವ ದೊಡ್ಡ ಜಮೀನಿನ, ನಾಯಿ. ಕಥೆ ಹೇಳುವವನೂ ಅವನೇ. ತನ್ನನ್ನು ತಾನು ರ‍್ಯಾಂಚಿನ ಭದ್ರತಾ ಮುಖ್ಯಸ್ಥ ಅಂತ ಕರೆದುಕೊಳ್ಳುತ್ತಾನೆ. ಸಾಹೇಬರು ಮಲಗೋದು ಮಾತ್ರ ಪೆಟ್ರೋಲ್ ಟ್ಯಾಂಕಿನ ಕೆಳಗೆ, ಗೋಣಿಚೀಲದ ಮೇಲೆ. ಕೈಕೆಳಗೆ ಒಬ್ಬನೇ ಸಿಬ್ಬಂದಿ, ಡ್ರೋವರ್ ಅನ್ನೋ ಮೋಟುಬಾಲದ ಪುಟ್ಟ ನಾಯಿ. ಅಪಾಯ ಬಂತು ಅಂದರೆ ಸಾಕು, ಡ್ರೋವರ್‌ಗೆ ಕಾಲು ನೋವು ಬರುತ್ತದೆ. ಪೀಟ್ ಅನ್ನೋ ಬೆಕ್ಕು ಪ್ರತಿಸಲವೂ ಹ್ಯಾಂಕ್‌ನನ್ನು ಬೇಸ್ತು ಬೀಳಿಸುತ್ತದೆ. ಪ್ರತಿಸಲವೂ ತಾನೇ ಗೆದ್ದೆ ಅಂತ ಹ್ಯಾಂಕ್ ವರದಿ ಒಪ್ಪಿಸುತ್ತಾನೆ. ಮೊದಲ ಪುಸ್ತಕದಲ್ಲೇ ಕೋಳಿಯೊಂದರ ಕೊಲೆ. ಪತ್ತೇದಾರಿಕೆಯ ಗತಿ ಏನಾಗಿರಬಹುದು ಅಂತ ನೀವೇ ಊಹಿಸಿ.

ಈ ಹ್ಯಾಂಕ್ ದಿನಾ ಬೆಳಿಗ್ಗೆ ಬೊಗಳಿ ಬೊಗಳಿ ಸೂರ್ಯನನ್ನು ಮೇಲೆ ಎಬ್ಬಿಸುತ್ತಾನೆ. ಅದೂ ಡ್ಯೂಟಿಯೇ! ಇಷ್ಟು ಹೇಳೋದರೊಳಗೆ ಅಮ್ಮ ನಕ್ಕುಬಿಟ್ಟರು. "ನಮ್ಮ ಜಂಬದ ಮುದುಕಿ ಕೋಳಿ ಕಥೆ ಅಲ್ವೇನೋ ಇದು!" ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗೇ ಆಗಲ್ಲ ಅಂತ ಕಂಕುಳಲ್ಲಿ ಇಟ್ಟುಕೊಂಡು ಊರು ಬಿಟ್ಟ ಮುದುಕಿ. ಗಾಡಿಯ ಕೆಳಗೆ ನೆರಳಿಗೆ ನಡೆಯುತ್ತಾ, ಗಾಡಿ ಎಳೀತಿರೋದು ತಾನೇ ಅಂದುಕೊಂಡ ನಾಯಿಯೂ ನಮಗೆ ಗೊತ್ತು. ಆದರೆ ಆ ಕಥೆಗಳಲ್ಲಿ ನಾವು ಹೊರಗೆ ನಿಂತು ನಗುತ್ತೇವೆ. ಇಲ್ಲಿ ಗಾಡಿಯ ಕೆಳಗಿನ ನಾಯಿಯೇ ಕಥೆ ಹೇಳುತ್ತಿದೆ. ಗಾಡಿ ಎಳೀತಿರೋದು ಯಾರು ಅಂತ ಕೇಳುವ ಮಗು ತಾನೇ ಕಂಡುಹಿಡಿಯಬೇಕು. ಎಂಟು ವರ್ಷದ ಮಗುವಿಗೆ ದಿನವಿಡೀ ಎಲ್ಲರೂ ಬುದ್ಧಿ ಹೇಳುವವರೇ. ತನಗಿಂತ ಕಡಿಮೆ ತಿಳಿದ ಒಬ್ಬ ದೊಡ್ಡ ಅಧಿಕಾರಿ ಸಿಕ್ಕಿದರೆ ಖುಷಿಯಾಗದೆ ಇರುತ್ತದೆಯೇ?

ಬರೆದವರು ಜಾನ್ ಎರಿಕ್ಸನ್. ಟೆಕ್ಸಸ್ ನಕಾಶೆಯಲ್ಲಿ ಬಾಣಲೆಯ ಹಿಡಿಯ ಹಾಗೆ ಮೇಲೆ ಚಾಚಿದೆಯಲ್ಲ, ಅಲ್ಲಿ ಒಕ್ಲಹೋಮ ಗಡಿಯ ಹತ್ತಿರದ ಪೆರಿಟನ್ ಅವರ ಊರು. ಹಾರ್ವರ್ಡ್‌ನಲ್ಲಿ ಓದಿ ಬಂದು, ಕೌಬಾಯ್ ಕೆಲಸ ಮಾಡಿದ ಮನುಷ್ಯ. ಪ್ರಕಾಶಕರು ಯಾರೂ ಕೈ ಹಿಡಿಯದಾಗ ತಾವೇ ಒಂದು ಪುಟ್ಟ ಪ್ರಕಾಶನ ತೆರೆದರು. ಹ್ಯಾಂಕ್ ಮೊದಲು ಕಾಣಿಸಿಕೊಂಡಿದ್ದು ಮಕ್ಕಳ ಪುಸ್ತಕದಲ್ಲಲ್ಲ, ದನ ಸಾಕುವವರ ಪತ್ರಿಕೆಯಲ್ಲಿ. 1983ರಲ್ಲಿ ಮೊದಲ ಪುಸ್ತಕ ಬಂತು. ಈಗ 70 ದಾಟಿವೆ. 2017ರ ಕಾಳ್ಗಿಚ್ಚಿನಲ್ಲಿ ಎರಿಕ್ಸನ್ ಮನೆಯೇ ಸುಟ್ಟುಹೋಯಿತು. ಮುಂದೆ ಆ ಬೆಂಕಿಯೂ ಹ್ಯಾಂಕ್ ಹೇಳುವ ಕಥೆಯಾಯಿತು. ಆಡಿಯೊ ಪುಸ್ತಕಗಳನ್ನೂ ಅವರೇ ಓದುತ್ತಾರೆ. ನಾಯಿ, ಬೆಕ್ಕು, ರಣಹದ್ದು ಎಲ್ಲಕ್ಕೂ ಬೇರೆ ಬೇರೆ ದನಿ. ಮಧ್ಯೆ ಹಾಡೂ ಇದೆ. ಹಾಡುಗಾರಿಕೆ ಬಗ್ಗೆ ನಾನೇನೂ ಹೇಳಲ್ಲ.

ಅಮರಿಲ್ಲೊವರೆಗೂ ನನ್ನದು ಅನುವಾದದ ಕೆಲಸ. ಮೊದಲು ನಾವು ಮನೆಯಲ್ಲಿ ಮಾತಾಡೋ ಕನ್ನಡದಲ್ಲೇ ಹೇಳಿದೆ. ಅಮ್ಮ ನಗಲಿಲ್ಲ. ಆಮೇಲೆ ಹೊಳೆಯಿತು: ಹ್ಯಾಂಕ್ ಮನೆಮಾತು ಆಡುವವನಲ್ಲ, ಅವನದು ಸರ್ಕಾರಿ ಕನ್ನಡ! "ಸದರಿ ಪ್ರಕರಣದಲ್ಲಿ ಬೆಕ್ಕಿನ ಕೈವಾಡವಿರುವುದು ಮೇಲ್ನೋಟಕ್ಕೆ ಕಂಡುಬಂದಿರುತ್ತದೆ" ಅಂದೆ. ಅಮ್ಮ ಕಣ್ಣೊರೆಸಿಕೊಂಡು ನಕ್ಕರು. ತಾಲ್ಲೂಕು ಕಚೇರಿಗೆ ಅಲೆದ ಯಾರಿಗೂ ಆ 'ಕಂಡುಬಂದಿರುತ್ತದೆ' ಬಿಡಿಸಿ ಹೇಳಬೇಕಾಗಿಲ್ಲ. ಡ್ರೋವರ್‌ಗೆ ಮಾತ್ರ "ಅಯ್ಯೋ ಸಾರ್, ಕಾಲು ಸಾರ್" ಸಾಕಾಯಿತು. 'ಕೌಡಾಗ್' ಅನ್ನೋದಕ್ಕೆ ಕೊನೆಗೂ ಪದ ಸಿಗಲಿಲ್ಲ. ದನ ಕಾಯೋ ನಾಯಿ ಅಂದರೆ ಅಮ್ಮ ಒಪ್ಪಲಿಲ್ಲ. "ನಮ್ಮಲ್ಲಿ ದನ ಕಾಯೋದು ಹುಡುಗರು. ನಾಯಿ ಸುಮ್ನೆ ಜೊತೆಗೆ ಹೋಗುತ್ತೆ." ಯೋಚನೆ ಮಾಡಿದರೆ, ಹ್ಯಾಂಕ್‌ನ ಬಗ್ಗೆ ಇದಕ್ಕಿಂತ ಸರಿಯಾದ ಮಾತಿಲ್ಲ.

ನಮ್ಮ ಸಾಹಿತ್ಯದಲ್ಲಿ ನಾಯಿಗಳಿಗೆ ಬರವಿಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಹುಲಿಯ ಅನ್ನೋ ನಾಯಿ ತುಂಗೆಯಲ್ಲಿ ಕೊಚ್ಚಿಹೋದ ಪುಟವನ್ನು ನಾನು ಈಗಲೂ ನಿಧಾನವಾಗಿ ಓದಲಾರೆ. ತೇಜಸ್ವಿಯವರ ನಾಯಿ 'ಕಿವಿ' ಅಂತೂ ಮನೆಯವನೇ. ಆದರೆ ಹುಲಿಯನಾಗಲಿ ಕಿವಿಯಾಗಲಿ ತಾನೇ ಬಾಯಿಬಿಟ್ಟು ಹೇಳಿಕೊಂಡಿದ್ದರೆ? ಕಿವಿ ಏನೇನು ಕೊಚ್ಚಿಕೊಳ್ಳುತ್ತಿದ್ದನೋ!

ಅಲ್ಲಿಂದಲೇ ನಮ್ಮ ಪತ್ರಿಕೆಯ ಮುಂದಿನ ಸಂಚಿಕೆಯ ಮಕ್ಕಳ ಪುಟಕ್ಕೆ ವಿಷಯ ಸಿಕ್ಕಿತು. ನಿಮ್ಮ ಮನೆಯ ನಾಯಿ, ಬೆಕ್ಕು, ಮೀನು, ಯಾವುದಾದರೂ ಸರಿ, ಅದೇ ಹೇಳಿದ ಹಾಗೆ ಮಕ್ಕಳ ಕೈಲಿ ಅರ್ಧ ಪುಟ ಕನ್ನಡದಲ್ಲಿ ಬರೆಸಿ ಕಳಿಸಿ. ಬರೆಯೋಕೆ ಬಾರದವರು ಹೇಳಲಿ, ನೀವು ಬರೆದುಕೊಳ್ಳಿ. ಕಾಗುಣಿತ ತಪ್ಪಿದರೆ ತಿದ್ದೋಕೆ ನಾನಿದ್ದೇನೆ. ನಾಯಿ ಸುಳ್ಳು ಹೇಳಿದ್ದರೆ ಮಾತ್ರ ಯಾರೂ ತಿದ್ದಬೇಡಿ. ನನ್ನ ಮಗಳು ಆಗಲೇ ಪಕ್ಕದ ಮನೆಯ ನಾಯಿಯ ಹೇಳಿಕೆ ಬರೆದುಕೊಟ್ಟಿದ್ದಾಳೆ. ಅದರ ಪ್ರಕಾರ ನಮ್ಮ ಬೀದಿಗೆ ದಿನಾ ಬರುವ ಅಂಚೆಯವನನ್ನು ಇದುವರೆಗೆ ಪ್ರತಿದಿನವೂ ಯಶಸ್ವಿಯಾಗಿ ಓಡಿಸಲಾಗಿರುತ್ತದೆ.