ಸಂಬಳಕ್ಕಿಂತ ಮೊದಲು ಭಾಷೆ

ಮಾನ್ಯರೇ,

ನರ್ಸ್‌ಗಳ ವಿದೇಶಿ ಉದ್ಯೋಗ ಕುರಿತ ವರದಿಯಲ್ಲಿ ಸಂಬಳ, ವೀಸಾಗಳ ವಿವರವಿತ್ತು; ಭಾಷಾ ಸಿದ್ಧತೆಯ ಮಾತೇ ಇರಲಿಲ್ಲ. ಜಪಾನಿಗೆ ಹೋದ ಫಿಲಿಪ್ಪೀನ್ಸ್ ನರ್ಸ್‌ಗಳು ಮುಗ್ಗರಿಸಿದ್ದು ಇಲ್ಲಿಯೇ.

ಎರಡು ದೇಶಗಳ ಆರ್ಥಿಕ ಸಹಭಾಗಿತ್ವ ಒಪ್ಪಂದದಡಿ 2009ರಲ್ಲಿ ಮೊದಲ ತಂಡ ಜಪಾನ್ ತಲುಪಿತು. ಎಲ್ಲರೂ ಸ್ವದೇಶದ ಪರವಾನಗಿ, ಮೂರು ವರ್ಷಗಳ ಅನುಭವ ಇದ್ದವರು. ಆದರೂ ಜಪಾನಿನ ರಾಷ್ಟ್ರೀಯ ಪರೀಕ್ಷೆ ಪಾಸಾಗುವವರೆಗೆ ಇಂಜೆಕ್ಷನ್ ಕೊಡುವಂತಿಲ್ಲ. ಊಟ ಮಾಡಿಸುವುದು, ಮೈ ಒರೆಸುವುದು, ಡೈಪರ್ ಬದಲಿಸುವುದಷ್ಟೇ ಕೆಲಸ. ಪರೀಕ್ಷೆ ವರ್ಷಕ್ಕೊಮ್ಮೆ, ಇರಲು ಅವಕಾಶ ಮೂರು ವರ್ಷ. 2010ರಲ್ಲಿ ಇಂಡೊನೇಷ್ಯಾದವರೂ ಸೇರಿ 254 ಮಂದಿ ಬರೆದರು, ಪಾಸಾದವರು ಮೂವರು! ಇದು ಶುಶ್ರೂಷೆಯ ಜ್ಞಾನದ ಕೊರತೆಯಂತೂ ಅಲ್ಲ. ಮಲಗಿದಲ್ಲೇ ಇರುವ ರೋಗಿಗೆ ಆಗುವ ಬೆನ್ನಹುಣ್ಣನ್ನು ಅಲ್ಲಿನ ಜನ ಆಡುಮಾತಿನಲ್ಲಿ ‘ಟೊಕೊಝುರೆ’ ಎನ್ನುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಅದು ‘ಜೊಕುಸೊ’, ಅದೂ ಜಪಾನೀಯರೇ ತಡವರಿಸುವ ಕಾಂಜಿ ಲಿಪಿಯಲ್ಲಿ (ಚೀನೀ ಮೂಲದ ಅಕ್ಷರಗಳಲ್ಲಿ). ಮುಂದೆ ಅಕ್ಷರಗಳ ಪಕ್ಕ ಉಚ್ಚಾರಣೆ ಸೂಚಿಸಿ, ಹೆಚ್ಚುವರಿ ಸಮಯ ಕೊಟ್ಟ ಮೇಲೂ ತೊಡಕು ಪೂರ್ತಿ ನೀಗಲಿಲ್ಲ.

ಜರ್ಮನಿಯಲ್ಲೂ ನರ್ಸ್ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಆರು ಹಂತಗಳಲ್ಲಿ ನಾಲ್ಕನೆಯ ಹಂತದ ಜರ್ಮನ್ ಬೇಕು. ನಮ್ಮ ರಾಜ್ಯದಿಂದಲೂ ನರ್ಸ್‌ಗಳು ಅತ್ತ ಹೊರಡುತ್ತಿದ್ದಾರೆ. ಏಜೆಂಟರು ಕಲಿಸುವ ‘ನಮಸ್ಕಾರ, ಹೇಗಿದ್ದೀರಿ’ ವಾರ್ಡಿನಲ್ಲಿ ಸಾಲದು. ಹೋಗಬಯಸುವವರಿಗೆ ನರ್ಸಿಂಗ್ ಕಾಲೇಜುಗಳು ಕೊನೆಯ ವರ್ಷದಲ್ಲೇ ಆಯಾ ದೇಶದ ಭಾಷೆಯ ತರಗತಿ ತೆರೆಯಲಿ. ಪಾಳಿ ಬದಲಾಗುವಾಗ ರೋಗಿಯ ಸ್ಥಿತಿ ವರದಿ ಮಾಡುವುದು, ಔಷಧಿಯ ಪ್ರಮಾಣ ಕೇಳಿ ಖಚಿತಪಡಿಸಿಕೊಳ್ಳುವುದು, ನೋವು ಎಲ್ಲಿ, ಎಂಥದು ಎಂದು ವಿಚಾರಿಸುವುದು, ಇವುಗಳಿಂದಲೇ ಪಾಠ ಶುರುವಾಗಲಿ.