ಅಲ್ಲಿ ಶಿಖಂಡಿ ಅರ್ಜುನನ ಹೆಂಡತಿ!

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಕೊರಿಯಾದ ಸೀರಿಯಲ್, ಕೊರಿಯಾದ ಹಾಡು ಅಂತ ಆಗಾಗ ಬರುತ್ತಿರುತ್ತದೆ. ಬರಲಿ, ನನ್ನ ಮಗಳು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾಳೆ. ಆದರೆ ಇಂಡೋನೇಷ್ಯಾ ಬಗ್ಗೆ ಒಂದು ಸಾಲೂ ಕಂಡಿಲ್ಲ.

ನನ್ನ ಅಕ್ಕನ ಮಗ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಹೋದ ತಿಂಗಳು ಡೊಂಬಿವಲಿಗೆ ಬಂದಾಗ ಹೇಳಿದ. ಜೊತೆಗಿದ್ದ ಇಂಡೋನೇಷ್ಯಾದ ಜಾವಾ ದ್ವೀಪದ ಅಡುಗೆಯವನು ನೀರುಳ್ಳಿ ಹೆಚ್ಚುತ್ತಾ ಶಾರುಖ್ ಸಿನಿಮಾದ ಹಾಡನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ಹಾಡಿದನಂತೆ, ಒಂದು ಪದವೂ ತಪ್ಪಿಲ್ಲ. ಆಮೇಲೆ 'ಈಗ ನಮ್ಮದೊಂದು ಹಾಡು ನೋಡೋಣ' ಅಂದಾಗ ಇವನು ಪೆಕರನ ಹಾಗೆ ನಿಂತನಂತೆ.

ಅವರಲ್ಲಿ ಡಾಂಗ್‌ದುಟ್ ಅಂತ ಒಂದು ಸಂಗೀತ ಇದೆ. ಚರ್ಮವಾದ್ಯದ 'ಡಾಂಗ್', 'ದುಟ್' ಸದ್ದೇ ಅದರ ಹೆಸರು. ಮಲಯ, ಅರಬ್ಬಿ ಧಾಟಿಯ ಜೊತೆ ನಮ್ಮ ಮುಂಬೈಯ ಹಿಂದಿ ಹಾಡುಗಳ ವಾಸನೆ ಧಾರಾಳ. 1970ರ ದಶಕದಲ್ಲಿ ರೋಮಾ ಇರಾಮಾ ಎಂಬ ಗಾಯಕರು ಅದಕ್ಕೆ ರಾಕ್ ಗಿಟಾರ್ ಸೇರಿಸಿ 'ಡಾಂಗ್‌ದುಟ್ ರಾಜ' ಅನ್ನಿಸಿಕೊಂಡರು. ಕಾಪಿ ಅಂತ ಸುಮ್ನೆ ಮೂಗು ಮುರಿಯಬೇಡಿ, ಒಮ್ಮೆ ಕೇಳಿ.

2013ರ ಹಿಂದಿ ಮಹಾಭಾರತ ಧಾರಾವಾಹಿ ಮರುವರ್ಷ ಅಲ್ಲಿ ಡಬ್ ಆಗಿ ಬಂತು. ಅರ್ಜುನನಾಗಿದ್ದ ಶಹೀರ್ ಶೇಖ್ ಅಲ್ಲಿ ದೊಡ್ಡ ಸ್ಟಾರ್ ಆಗಿಬಿಟ್ಟರು. ಅಲ್ಲಿನವರಿಗೆ ಕತೆಯೇನೂ ಹೊಸದಲ್ಲ, ವಾಯಾಂಗ್ ಎಂಬ ತೊಗಲುಗೊಂಬೆಯಾಟದಲ್ಲಿ ತಲೆಮಾರುಗಳಿಂದ ನೋಡಿದ್ದೇ. ಆದರೆ ಅವರ ದಾರಿ ಬೇರೆ. ನಮ್ಮ ಶಿಖಂಡಿ ಅಲ್ಲಿ ಶ್ರೀಕಂಡಿ, ಬಾಣ ಬಿಡುವುದರಲ್ಲಿ ಗಟ್ಟಿಗಿತ್ತಿ, ಅರ್ಜುನನ ಹೆಂಡತಿ! ನಮ್ಮಲ್ಲಿ ಬೈಗುಳವಾದ ಹೆಸರು ಅವರಲ್ಲಿ ಬಿರುದು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರಿಕೆಯಲ್ಲಿ ಬೆಳ್ಳಿ ಗೆದ್ದು ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಪದಕ ತಂದ ಮೂವರು ಹೆಣ್ಣುಮಕ್ಕಳ ಮೇಲೆ 2016ರಲ್ಲಿ ಸಿನಿಮಾ ಮಾಡಿದರು. ಅದರ ಹೆಸರೇ 'ಮೂವರು ಶ್ರೀಕಂಡಿಯರು' ಅಂತ. ನಮ್ಮಲ್ಲಿ ಯಾರಾದರೂ ಮಗಳ ಪದಕಕ್ಕೆ ಈ ಹೆಸರು ಇಟ್ಟಾರಾ?

ಮುಂಬೈಯಲ್ಲಿ ಮಳೆಗಾಲ ಬಂತೆಂದರೆ ಯಕ್ಷಗಾನದ ಸುದ್ದಿಗೆ ನೀವು ಅರ್ಧ ಪುಟ ಕೊಡುತ್ತೀರಿ. ಅದರ ಪಕ್ಕದಲ್ಲೇ ಈ ದೂರದ ನೆಂಟರಿಗೂ ಒಂದು ಕಾಲಂ ಜಾಗ ಕೊಡಿ.

ನಮ್ಮ ಬಿಲ್ಡಿಂಗಿನಲ್ಲಿ ಹಾಸ್ಯದ ವೇಷ ಮಾಡುವವರೊಬ್ಬರಿದ್ದಾರೆ. ಅಲ್ಲಿನ ಆಟದಲ್ಲಿ ಸೆಮಾರ್ ಅಂತ ಹೊಟ್ಟೆ ಡುಮ್ಮ ಹಾಸ್ಯಗಾರ ಇದ್ದಾನೆ, ಪಾಂಡವರ ಚಾಕರಿಯವನು, ಆದರೆ ಅಸಲಿಗೆ ಅವನೇ ದೇವರು ಅಂದೆ. ಲಿಫ್ಟಿನಲ್ಲಿ ಎರಡು ಮಹಡಿ ದಾಟುವವರೆಗೆ ಸುಮ್ಮನಿದ್ದು, 'ಹಾಗಾದ್ರೆ ಅಲ್ಲಿ ಹಾಸ್ಯಗಾರನಿಗೆ ಸಂಬಳವೂ ಜಾಸ್ತಿ ಇರ್ಬೇಕು ಮಾರಾಯ್ರೇ' ಅಂದರು.

ಇಂತಿ,
ನಿಮ್ಮ ಓದುಗ, ಡೊಂಬಿವಲಿ