ಹರಿಶ್ಚಂದ್ರಗಡದ ಶಿಬಿರಕ್ಕೆ ಸ್ಲೀಪಿಂಗ್ ಬ್ಯಾಗ್ ಆರಿಸಿಕೊಳ್ಳುವ ಕುರಿತು

ಪುಣೆಯ ನಮ್ಮ ಚಾರಣ ಬಳಗದ ಎಲ್ಲ ಸದಸ್ಯರಿಗೆ ನಮಸ್ಕಾರ.

ಡಿಸೆಂಬರ್ ಎರಡನೆಯ ಶನಿವಾರ ರಾತ್ರಿ ನಾವು ಹರಿಶ್ಚಂದ್ರಗಡದ ಮೇಲೆ ಡೇರೆ ಹಾಕಿ ತಂಗಲಿರುವುದರಿಂದ, ಹೆಸರು ಕೊಟ್ಟಿರುವ ಪ್ರತಿಯೊಬ್ಬರೂ ತಮ್ಮ ಸ್ಲೀಪಿಂಗ್ ಬ್ಯಾಗನ್ನು ಈ ವಾರವೇ ನಿಶ್ಚಯಿಸಿಕೊಳ್ಳಬೇಕೆಂದು ಕೋರುತ್ತೇನೆ. ಗಡವು ಸಮುದ್ರಮಟ್ಟದಿಂದ ಸುಮಾರು 1,420 ಮೀಟರ್ ಎತ್ತರದಲ್ಲಿದ್ದು, ಕೊಂಕಣಕಡಾ ಎಂಬ ಕಡಿದಾದ ಪ್ರಪಾತದ ಕಡೆಯಿಂದ ಬೀಸುವ ಗಾಳಿಗೆ ಪುಣೆಯ ಚಳಿಯ ಅಂದಾಜು ಸಾಲದು.

ಚೀಲದ ಮೇಲೆ ದೊಡ್ಡದಾಗಿ ಅಚ್ಚಾದ ಅಂಕಿಯನ್ನಷ್ಟೇ ನಂಬಬೇಡಿ. ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಮೂರು ಉಷ್ಣತೆಗಳಲ್ಲಿ ನಾವು ಲೆಕ್ಕಕ್ಕೆ ಹಿಡಿಯಬೇಕಾದುದು ಹಾಯಾಗಿ ನಿದ್ರಿಸಬಹುದಾದ ಕನಿಷ್ಠ ಉಷ್ಣತೆಯಾದ ಕಂಫರ್ಟ್ ಒಂದನ್ನೇ. ಎಕ್ಸ್‌ಟ್ರೀಮ್ ಎಂಬುದು ಜೀವ ಉಳಿಸಿಕೊಳ್ಳುವ ಅಳತೆಯೇ ಹೊರತು ನಿದ್ರಿಸುವ ಅಳತೆಯಲ್ಲ. ನಮಗೆ 5 ಡಿಗ್ರಿ ಸೆಲ್ಸಿಯಸ್ ಕಂಫರ್ಟ್ ಇದ್ದರೆ ಸಾಕು, ಹಿಮಾಲಯಕ್ಕೆಂದು ಮಾಡಿದ ಚೀಲಕ್ಕೆ ಹಣ ಸುರಿಯಬೇಕಿಲ್ಲ. ಹಕ್ಕಿಯ ತುಪ್ಪುಳ ತುಂಬಿದ ಚೀಲ ಹಗುರವಾದರೂ, ತೊಯ್ದರೆ ಮುದ್ದೆಯಾಗಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುವುದರಿಂದ, ಇಬ್ಬನಿ ಸುರಿಯುವ ಸಹ್ಯಾದ್ರಿಗೆ ಸಿಂಥೆಟಿಕ್ ತುಂಬಿದ್ದೇ ಲೇಸೆಂದು ನನ್ನ ಅಭಿಪ್ರಾಯ. ಅಂಗಡಿಯಲ್ಲಿಯೇ ಒಳಗೆ ಮಲಗಿ, ಭುಜ ಮತ್ತು ಪಾದಗಳಿಗೆ ಬಿಗಿಯಾಗದೆಂದು ಖಚಿತಪಡಿಸಿಕೊಳ್ಳಿ.

ಮೈಭಾರಕ್ಕೆ ಚೀಲದ ಅಡಿಭಾಗ ಅಮುಕಿಹೋಗಿ ನೆಲದ ತಂಪು ನೇರವಾಗಿ ಬೆನ್ನಿಗೇರುವುದರಿಂದ ಮ್ಯಾಟ್ ಕಡ್ಡಾಯ. ಕಳೆದ ವರ್ಷ ಮ್ಯಾಟ್ ತರದ ಇಬ್ಬರು ಬೆಳಗಿನವರೆಗೆ ಕುಳಿತೇ ಇದ್ದುದನ್ನು ನಾನು ಮರೆತಿಲ್ಲ.

ಬಾಡಿಗೆಗೆ ಬೇಕಾದವರು ತಮ್ಮ ಎತ್ತರದೊಂದಿಗೆ, ಹೆಚ್ಚುವರಿ ಚೀಲವಿರುವವರು ಅದರ ಕಂಫರ್ಟ್ ಅಂಕಿಯೊಂದಿಗೆ, ಬುಧವಾರ ರಾತ್ರಿ 9 ಗಂಟೆಯೊಳಗೆ ಇಲ್ಲಿಯೇ ಉತ್ತರಿಸಬೇಕಾಗಿ ವಿನಂತಿ.